ಗೋಡೆಯ ಬ್ರೇಕ್

ನಮ್ಮ ಮನೆಗೆ ಮೊದಲ ಸಲ ಬಂದವರು ಗೋಡೆಗಳನ್ನು ನೋಡಿ, ಮೆಲ್ಲಗೆ, "ಇನ್ನೂ ಕೆಲಸ ಮುಗಿದಿಲ್ವಾ?" ಎಂದು ಕೇಳುತ್ತಾರೆ. ಕೆಲಸ ಎಂದೋ ಮುಗಿದಿದೆ. ನಮ್ಮ ಗೋಡೆಗಳು ಇರುವುದೇ ಹಾಗೆ, ತೇಪೆ ಹಾಕಿದ ಹಳೇ ಅಂಗಿಯಂತೆ. ಒಂದು ಕಡೆ ಬೂದು, ಪಕ್ಕದಲ್ಲಿ ಕೆಂಪು, ಅದರ ಕೆಳಗೆ ಯಾವುದೋ ಪ್ರಾಣಿಯ ಚರ್ಮದಂಥ ಒರಟು. ನಮ್ಮವರು ಆರ್ಕಿಟೆಕ್ಟ್. ಅವರ ತಲೆಯಲ್ಲಿ ಹುಟ್ಟಿದ್ದನ್ನು ಬಕೆಟ್ಟಿನಲ್ಲಿ ಕಲಸುವವಳು ನಾನು. ಕೆಳಗೆ ವರ್ಕ್‌ಶಾಪು, ಮೇಲೆ ಮನೆ, ಎರಡಕ್ಕೂ ನಡುವೆ ಕಡಿದಾದ ಕಲ್ಲಿನ ಮೆಟ್ಟಿಲು.

ನಮ್ಮಲ್ಲಿ ಒಂದು ನಿಯಮವಿತ್ತು. ಹೊಸದಾಗಿ ಏನೇ ಕಲಸಿದರೂ ಅದು ಮೊದಲು ನಮ್ಮ ಮನೆಯ ಗೋಡೆಗೇ ಬರಬೇಕು. ಎಣ್ಣೆ ಕೈ, ಬೆವರು, ಹೊಗೆ, ತೇವ ಎಲ್ಲವನ್ನೂ ತಡೆದುಕೊಂಡು ಅದು ಒಂದು ವರ್ಷ ಬದುಕಬೇಕು. ಆಮೇಲಷ್ಟೇ ಗಿರಾಕಿಯ ಮನೆ. ಈ ನಿಯಮದ ದೆಸೆಯಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ಮೀನಿನ ಅಂಟು ಬೆರೆಸಿ ಗೋಡೆಗೆ ಬಳಿದೆವು. ಬೀದಿಯ ಬೆಕ್ಕುಗಳೆಲ್ಲ ಬಂದು ನಮ್ಮ ಹಜಾರದಲ್ಲಿ ಬಿಡಾರ ಹೂಡಿದವು. ಇನ್ನೊಮ್ಮೆ ಹೊಟ್ಟು ಬೆರೆಸಿದ ಮಣ್ಣು ಮೆತ್ತಿದಾಗ ಅದರಲ್ಲಿ ಉಳಿದಿದ್ದ ಕಾಳುಗಳು ಮೊಳೆತು ಮಂಚದ ತಲೆದಿಕ್ಕಿನಲ್ಲಿ ಹಸಿರು ಗಡ್ಡ ಬೆಳೆಯಿತು. ನಮ್ಮವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮೂಸಿ, "ಎಷ್ಟು ತಂಪು ವಾಸನೆ ನೋಡೇ" ಎಂದರು. ನಾನು ದಿಂಬು ಎತ್ತಿಕೊಂಡು ಬೇರೆ ಕೋಣೆಗೆ ಹೋಗಿ ಮಲಗಿದೆ.

ಅವರ ವಾದ ಇಷ್ಟೇ: ಎಲ್ಲರೂ ಕಣ್ಣಿಗೆ ಚೆಂದ ಕಾಣುವ ಹಾಗೆ ಕಟ್ಟುತ್ತಾರೆ, ಮನುಷ್ಯನಿಗೆ ಚರ್ಮ, ಮೂಗು, ಕಿವಿ ಇದೆ ಎನ್ನುವುದನ್ನೇ ಮರೆತಿದ್ದಾರೆ. ಗೋಡೆಯನ್ನು ನೋಡಬಾರದು, ಮುಟ್ಟಬೇಕು. ಅವರ ಜೊತೆ ಓದಿದವರು ಗಾಜಿನ ಗೋಪುರ ಕಟ್ಟಿ ದೊಡ್ಡವರಾದರು. ಇವರು ಸುಣ್ಣದ ಬಕೆಟ್ಟು ಹಿಡಿದುಕೊಂಡು ಅಲ್ಲೇ ಉಳಿದರು. ಹಿಂದಿನಿಂದ ಆಡಿಕೊಂಡು ನಗುವವರಿಗೆ ಕೊರತೆ ಇರಲಿಲ್ಲ. ಎದುರಿಗೇ ನಕ್ಕವರೂ ಇದ್ದರು.

ಆಗ ಮಾವನ ಕಣ್ಣು ಹೋಗತೊಡಗಿತು.

ಮಾವ, ಅಂದರೆ ನಮ್ಮವರ ಅಪ್ಪ, ಬಸ್ ಡ್ರೈವರ್ ಆಗಿದ್ದವರು. ಸ್ಟೇರಿಂಗ್ ಹಿಡಿದಷ್ಟು ಕಾಲವೂ ಗಾಡಿಗೆ ಒಂದು ಗೀರು ಬೀಳಿಸದವರು ಎಂದು ಅವರ ಡಿಪೋದಲ್ಲಿ ಹೆಸರು. ಮೊದಲು ಪಕ್ಕದ ನೋಟ ಹೋಯಿತು. ಮಧ್ಯದಲ್ಲಿ ಮುಷ್ಟಿಯಷ್ಟು ಬೆಳಕು ಉಳಿದಿತ್ತು, ಅದೂ ಸಣ್ಣಗಾಗುತ್ತಾ ಆರಿತು. ವೈದ್ಯರು ಕೈಚೆಲ್ಲಿದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಾನು ಅವರ ತೋಳು ಹಿಡಿಯಲು ಹೋದೆ. ಬಿಸಿ ತಾಗಿದವರ ಹಾಗೆ ತೋಳು ಕಿತ್ತುಕೊಂಡರು.

"ಇಡೀ ಊರನ್ನ ಕೂರಿಸ್ಕೊಂಡು ಓಡಾಡಿಸ್ದೋನು ಕಣಮ್ಮ ನಾನು," ಎಂದರು. "ಬೈಕೊಂಡ್ರೂ ಸರಿ, ಒಂದು ಮಾತು ಹೇಳ್ತೀನಿ. ನನ್ನ ಯಾರೂ ಕೈ ಹಿಡಿದು ನಡೆಸಬಾರದು. ಆ ದಿನ ಬಂತು ಅಂದ್ರೆ ನಾನು ಮುಗಿದೆ ಅಂತ ಲೆಕ್ಕ."

ಅಲ್ಲಿಂದ ಮನೆಯವರೆಗೂ ಅವರು ಮಗನ ಚಪ್ಪಲಿಯ ಸದ್ದು ಕೇಳಿಕೊಂಡು ಹಿಂದೆ ಹಿಂದೆ ನಡೆದು ಬಂದರು. ಎರಡು ಕಡೆ ಎಡವಿದರು. ನಾವು ಕೈ ಚಾಚಲಿಲ್ಲ.

ಮನೆಯೊಳಗೆ ಮಾತ್ರ ಅವರು ಎಡವಲಿಲ್ಲ. ಅದನ್ನು ಮೊದಲು ಗಮನಿಸಿದ್ದು ನಮ್ಮವರೇ. ಅಪ್ಪನ ಎಡಗೈ ಗೋಡೆಯ ಮೇಲೆ ಸರಿಯುತ್ತಾ ಹೋಗುತ್ತಿತ್ತು. ಮೀನಿನಂಟಿನ ತೇಪೆ ಬಂದಾಗ ಅಡುಗೆಮನೆಗೆ ತಿರುಗುತ್ತಿದ್ದರು, ಹೊಟ್ಟಿನ ತೇಪೆ ಸಿಕ್ಕರೆ ಮಲಗುವ ಕೋಣೆ. ನಾನು ವರ್ಷಗಟ್ಟಲೆ ಗೊಣಗಿದ ಆ ಅವತಾರವೆಲ್ಲ ಅವರಿಗೆ ದಾರಿಯಾಗಿತ್ತು. ಅಂದು ನಮ್ಮವರು ಊಟ ಬಿಟ್ಟು ಕೆಳಗೆ ಓಡಿಬಂದು, "ಕಲಸು, ಕಲಸು, ಎಲ್ಲಾ ಹೊಸದಾಗಿ ಮಾಡೋಣ" ಎಂದು ಚಿಕ್ಕ ಹುಡುಗನ ಹಾಗೆ ಕುಣಿದರು.

ಹಾಗೆ ಆ ಮನೆ ಎರಡನೇ ಸಲ ಹುಟ್ಟಿತು. ಕೋಣೆಗಳ ನಡುವಿನ ಉದ್ದದ ಓಣಿಗೆ ಕಾಗದದ ತಿರುಳು ಮತ್ತು ಜೇನುಮೇಣ ಸೇರಿಸಿದ ಗಾರೆ, ಬೆಣ್ಣೆಯಷ್ಟು ನುಣುಪು, ಮುಟ್ಟಿದರೆ ಬೆಚ್ಚಗೆ. ಅದು ಕೈಗೆ ಸಿಗುವಷ್ಟು ಹೊತ್ತೂ ನಡೆಯುತ್ತಿರಬಹುದು. ಮಾವ ಅದಕ್ಕೆ ಹೆದ್ದಾರಿ ಎಂದು ಹೆಸರಿಟ್ಟರು. ಸ್ನಾನದಮನೆಯ ಪಕ್ಕ ತಣ್ಣನೆಯ ಹಿತ್ತಾಳೆ ಪಟ್ಟಿ. ಅವರ ಕೋಣೆಯ ಬಾಗಿಲಿಗೆ ಒಣಹುಲ್ಲಿನ ವಾಸನೆಯ ಮಣ್ಣು. ಓಣಿಯ ಕೊನೆಯಲ್ಲಿ, ಮೆಟ್ಟಿಲಿಗಿಂತ ಎರಡು ಹೆಜ್ಜೆ ಮೊದಲು, ಸುಣ್ಣದಲ್ಲಿ ಹೆಂಚಿನ ಚೂರು ಹೂತ ಒಂದು ಒರಟು ತೇಪೆ. ಅವರ ಕೈ ತರಚಬಾರದೆಂದು ಒಂದೊಂದು ಚೂರಿನ ಅಂಚನ್ನೂ ನಾನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದೆ. ಅದಕ್ಕೆ ಅವರು ಇಟ್ಟ ಹೆಸರು ಬ್ರೇಕ್.

ಬ್ರೇಕ್ ಸಿಕ್ಕ ಕೂಡಲೇ ಅವರ ಕಾಲು ನಿಲ್ಲುತ್ತಿತ್ತು. ಆಮೇಲೆ ಬಲಗೈ ಎದುರಿನ ಕಂಬಿ ಹುಡುಕುತ್ತಿತ್ತು, ಆಮೇಲೆ ಒಂದೊಂದೇ ಮೆಟ್ಟಿಲು. ಬರಬರುತ್ತಾ ಇದೆಲ್ಲ ಎಷ್ಟು ಸಲೀಸಾಯಿತೆಂದರೆ, ಅವರು ಬಲಗೈಯಲ್ಲಿ ಚಹಾದ ಲೋಟ ಹಿಡಿದುಕೊಂಡು, ಹಾಡು ಗುನುಗಿಕೊಂಡು, ಬ್ರೇಕಿನವರೆಗೆ ಬಂದು ನಿಂತು, "ಕೆಳಗೆ ಯಾರಾದ್ರೂ ಇದ್ದೀರೇನ್ರಪ್ಪ? ಗಾಡಿ ಇಳೀತಾ ಇದೆ!" ಎಂದು ಕೂಗುತ್ತಿದ್ದರು. ನಾನು ಬಂದು ಲೋಟ ತೆಗೆದುಕೊಳ್ಳುತ್ತಿದ್ದೆ. ಕೈಯನ್ನಲ್ಲ, ಲೋಟವನ್ನು. ಆ ವ್ಯತ್ಯಾಸ ನಮ್ಮಿಬ್ಬರಿಗೂ ಗೊತ್ತಿತ್ತು.

ಬಂದವರಿಗೆಲ್ಲ ನಮ್ಮವರು ಒಂದೇ ಮಾತು ಹೇಳುತ್ತಿದ್ದರು: "ನಮ್ಮಪ್ಪ ಈ ಮನೇಲಿ ಯೋಚನೆ ಮಾಡಿ ನಡೆಯಲ್ಲ. ಕೈಗೆ ಬಿಟ್ಟು ನಡೀತಾರೆ." ಹೇಳುವಾಗ ಅವರ ಮುಖ ಅರಳುತ್ತಿತ್ತು. ನಿಜ ಹೇಳಬೇಕೆಂದರೆ ನನ್ನದೂ ಅರಳುತ್ತಿತ್ತು.

ಕಣ್ಣಿಲ್ಲದವರಿಗಾಗಿ ಒಂದು ದೊಡ್ಡ ವಸತಿಮನೆ ಕಟ್ಟಿಸಲು ಒಂದು ಟ್ರಸ್ಟ್ ವಿನ್ಯಾಸಗಳನ್ನು ಆಹ್ವಾನಿಸಿದಾಗ, ಅದು ಇವರಿಗೆಂದೇ ಹುಟ್ಟಿದ ಕೆಲಸ ಎಂದು ನಮಗೆಲ್ಲ ಅನಿಸಿತು. ಇವರ ನಕ್ಷೆ ಕೊನೆಯ ಸುತ್ತಿಗೆ ಬಂತು. ಆದರೆ ಟ್ರಸ್ಟಿನವರಿಗೆ ಅನುಮಾನ. ಇಂಥ ಗೋಡೆ ಹೊಸತರಲ್ಲಿ ಚೆನ್ನ, ನೂರಾರು ಕೈ ಸವರಿದ ಮೇಲೆ ಗುರುತು ಉಳಿಯುತ್ತದೆಯೇ? ಹೊಸ ಮಾದರಿ ಬೇಡ, ಬಳಸಿ ಸವೆದದ್ದನ್ನು ತಂದು ತೋರಿಸಿ ಎಂದರು.

ನಮ್ಮವರು ಅಂದು ಸಂಜೆ ಓಣಿಯ ಕೊನೆಯಲ್ಲಿ ಬಹಳ ಹೊತ್ತು ನಿಂತಿದ್ದರು. ಏನು ಯೋಚಿಸುತ್ತಿದ್ದಾರೆಂದು ಅವರ ಬೆನ್ನು ನೋಡಿಯೇ ನನಗೆ ತಿಳಿಯಿತು.

"ಅದನ್ನ ಮಾತ್ರ ಮುಟ್ಟಬೇಡಿ," ಎಂದೆ. "ಹಿತ್ತಾಳೆ ಪಟ್ಟಿ ತಗೊಂಡು ಹೋಗಿ. ಹುಲ್ಲಿನ ಗೋಡೆ ಬೇಕಾದ್ರೆ ಇಡೀ ಕಿತ್ಕೊಂಡು ಹೋಗಿ."

"ಹಿತ್ತಾಳೆ ಯಾರು ಬೇಕಾದ್ರೂ ಸವೆಸ್ತಾರೆ. ಇದನ್ನ ನೋಡು." ಅವರು ನನ್ನ ಬೆರಳನ್ನು ಹಿಡಿದು ಬ್ರೇಕಿನ ಮೇಲಿಟ್ಟರು. ಮಾವನ ಅಂಗೈ ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ಚೂರುಗಳು ನಯವಾಗಿ ಮಿರುಗುತ್ತಿದ್ದವು, ಸುತ್ತ ಇನ್ನೂ ಒರಟು. "ಇಷ್ಟು ಸವೆದ್ರೂ ಹೇಳಬೇಕಾದ್ದನ್ನ ಹೇಳ್ತಾನೇ ಇದೆ. ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರ್ಲಿ?"

"ಇದು ಸಾಕ್ಷಿ ಅಲ್ಲ ರೀ, ಮಾವನ ಮೆಟ್ಟಿಲು."

"ನಾಲ್ಕು ದಿನದ ಮಾತು. ವಾಪಸ್ ತಂದು ಇಲ್ಲೇ ಕೂರಿಸ್ತೀನಿ."

ನಾವು ದನಿ ತಗ್ಗಿಸಿಯೇ ಜಗಳವಾಡಿದ್ದೆವು. ಆದರೆ ಕಣ್ಣು ಹೋದ ಮೇಲೆ ಮಾವನ ಕಿವಿ ಬಲು ಚುರುಕಾಗಿತ್ತು. ಒಳಗಿನಿಂದಲೇ ನಕ್ಕರು. "ಏನೋ, ಬ್ರೇಕ್ ಕಿತ್ಕೊಂಡು ಹೋಗ್ತೀಯೇನೋ? ಹೋಗು, ಹೋಗು. ಬ್ರೇಕ್ ಫೇಲ್ ಆದ ಗಾಡಿನೂ ಓಡಿಸಿದೀನಿ ನಾನು. ಗೊತ್ತಿದ್ರೆ ಸಾಕು."

ಗೊತ್ತಿದ್ದರೆ ಸಾಕು. ಅದನ್ನು ನಾವು ಮೂವರೂ ನಂಬಿದೆವು.

ನಮ್ಮವರು ತೇಪೆಯನ್ನು ಸುತ್ತಲೂ ಕೊರೆದು, ಹಿಂದಿನ ಇಟ್ಟಿಗೆಯ ಪದರದೊಂದಿಗೇ ಬಿಡಿಸಿ, ಕಂಬಳಿಯಲ್ಲಿ ಸುತ್ತಿದರು. ಗೋಡೆಯಲ್ಲಿ ಹಲ್ಲು ಕಿತ್ತಂಥ ಗುಂಡಿ ಉಳಿಯಿತು. ಅದನ್ನು ಹಾಗೇ ಬಿಟ್ಟಿದ್ದರೆ! ಎಷ್ಟು ಸಲ ಹೀಗೆ ಅಂದುಕೊಂಡಿದ್ದೇನೋ. ಹೊಸ ಬ್ರೇಕ್ ಹಾಕೋಣವೆಂದರೆ ಸುಣ್ಣ ಬಿಗಿಯಲು ವಾರವಾದರೂ ಬೇಕು, ಅಲ್ಲಿಯವರೆಗೆ ಮುಟ್ಟಿದರೆ ಕಳಚುತ್ತದೆ. ಒಡೆದ ಇಟ್ಟಿಗೆಯ ಅಂಚು ಅಪ್ಪನ ಕೈ ಸೀಳೀತೆಂದು ಮಗನಿಗೆ ಭಯ. ಬೇಗ ಒಣಗುವುದು ಹೆದ್ದಾರಿಯ ಗಾರೆ ಒಂದೇ. ವರ್ಕ್‌ಶಾಪಿನಲ್ಲಿ ಮಿಕ್ಕಿದ್ದ ಕಾಗದ-ಮೇಣವನ್ನು ತಂದು ಗುಂಡಿ ತುಂಬಿದರು. ತುಂಬಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಕಸುಬಿನ ಗೀಳು ಬಿಡಬೇಕಲ್ಲ! ಕರಣೆಯಿಂದ ತೀಡಿದರು, ಬಟ್ಟೆಯಿಂದ ಉಜ್ಜಿದರು, ಅಂಚನ್ನು ಅಂಚಿಗೆ ಬೆಸೆದರು. ಕೊನೆಗೆ ಅಪ್ಪನನ್ನು ಕರೆದರು.

ಮಾವ ಬೆರಳು ಆಡಿಸಿದರು. ಆ ಕಡೆಯಿಂದ ಈ ಕಡೆ, ಮತ್ತೆ ಆ ಕಡೆ.

"ಎಲ್ಲಿ ತುಂಬಿದ್ದೀಯೋ?"

"ಅಲ್ಲೇ. ನಿಮ್ಮ ಕೈ ಕೆಳಗೇ."

"ಗೊತ್ತೇ ಆಗಲ್ಲ ಕಣೋ!" ಮಾವ ಮೆಚ್ಚಿ ತಲೆದೂಗಿದರು. "ಭೇಷ್."

ಆ ಮೆಚ್ಚುಗೆಗೆ ನಮ್ಮವರು ಹಿಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಸುಮ್ಮನಿರಲಿಲ್ಲ. ಮೆಟ್ಟಿಲ ತುದಿಗೆ ಅಡ್ಡಲಾಗಿ ಒಂದು ಕುರ್ಚಿ ಇಟ್ಟೆ. ಮಾರನೆಯ ಬೆಳಿಗ್ಗೆ ನಮ್ಮವರು ಕಂಬಳಿಯ ಗಂಟನ್ನು ಮಗುವಿನಂತೆ ಎತ್ತಿಕೊಂಡು ಹೊರಟ ಮೇಲೆ ಮಾವ ಓಣಿಯಲ್ಲಿ ಬಂದು ಕುರ್ಚಿಗೆ ಮಂಡಿ ತಗುಲಿಸಿಕೊಂಡರು.

"ಏನಮ್ಮ, ಮನೇಲೇ ಚೆಕ್‌ಪೋಸ್ಟ್ ಹಾಕಿದೀಯಾ? ನನ್ನ ಲೈಸೆನ್ಸ್ ಬೇರೆ ತೋರಿಸಬೇಕಾ?"

"ಇರ್ಲಿ ಮಾವ, ನಾಲ್ಕು ದಿನ."

ಅವರು ಕುರ್ಚಿಯನ್ನು ಬಲಗಡೆಯ ಗೋಡೆ ಬದಿಗೆ ಸರಿಸಿದರು. ಕಾಲಿನಿಂದ ಮೆಟ್ಟಿಲ ಅಂಚು ತಡವಿ, ಕಂಬಿ ಹಿಡಿದು, ಒಂದು ತಪ್ಪೂ ಇಲ್ಲದೆ ಇಳಿದು ಬಂದು ಕೆಳಗಿದ್ದ ನನ್ನ ಮುಂದೆ ನಿಂತರು. "ನೋಡ್ದಾ? ಬ್ರೇಕ್ ಇಲ್ದೆ ಇಳಿದೆ. ಮುದುಕನ್ನ ಅಷ್ಟು ಕೀಳಾಗಿ ಕಾಣಬೇಡ." ಅವರ ಮುಖದಲ್ಲಿದ್ದ ಗೆಲುವನ್ನು ನೋಡಿ ನಾನು ಸೋತೆ. ಚಹಾ ಕುಡಿದು ಅವರು ಮೇಲೆ ಹೋದರು. ಕುರ್ಚಿ ಗೋಡೆ ಬದಿಯಲ್ಲೇ ಉಳಿಯಿತು.

ಮಧ್ಯಾಹ್ನ ನಾನು ಮೆಟ್ಟಿಲ ಬುಡದಲ್ಲೇ ಕೂತು ಸುಣ್ಣ ಜರಡಿ ಹಿಡಿಯುತ್ತಿದ್ದೆ. ಹೊಸ ಬ್ರೇಕಿಗೆಂದೇ. ಮೇಲೆ ಮಾವನ ಫೋನ್ ಬಡಿದುಕೊಂಡಿತು. ಮಾತು ಕೇಳಿಸಲಿಲ್ಲ, ಅವರ ನಗು ಕೇಳಿಸಿತು. ಆಮೇಲೆ ಓಣಿಯಲ್ಲಿ ಚಪ್ಪಲಿಯ ಸದ್ದು, ಎಂದಿನದಕ್ಕಿಂತ ಚುರುಕಾಗಿ.

"ಅಮ್ಮಾ! ಗೆದ್ದನಂತೆ ಕಣಮ್ಮಾ! ಆ ಗೋಡೆ ಮುಟ್ಟಿ ನೋಡಿ ಅವರೆಲ್ಲಾ ಎದ್ದು ನಿಂತ್ರಂತೆ—"

ನಾನು ತಲೆ ಎತ್ತಿದೆ. ಅವರು ಕಾಣಿಸಿದರು. ಎಡಗೈ ಗೋಡೆಯ ಮೇಲೆ ಸರಿಯುತ್ತಾ ಬರುತ್ತಿತ್ತು. ಹೆದ್ದಾರಿ ಮುಗಿಯುವ ಕಡೆ ಅದು ಮುಗಿಯಲಿಲ್ಲ. ನುಣ್ಣಗೆ, ಬೆಚ್ಚಗೆ, ಇನ್ನೂ ಬಾ, ಇನ್ನೂ ಬಾ ಎಂದು ಕರೆಯಿತು. ಆ ಕೈ ಹೇಳಿದ್ದನ್ನು ಆ ಕಾಲು ಕೇಳಿತು. ನಾನು "ಮಾವಾ" ಎಂದು ಚೀರಿದ್ದು ಅವರ ಪಾದ ಗಾಳಿಯಲ್ಲಿದ್ದಾಗ. ಅವರ ಮುಖದಲ್ಲಿ ಆಗಲೂ ನಗು ಇತ್ತು. ಅದು ಹೋಗಲು ಸಮಯವೇ ಸಿಗಲಿಲ್ಲ.

ಅವರು ನನ್ನ ಸುಣ್ಣದ ರಾಶಿಯ ಮೇಲೆ ಬಂದು ಬಿದ್ದರು.

ಸೊಂಟದ ಮೂಳೆ ಮುರಿದಿತ್ತು, ಎಡ ಮುಂಗೈಯೂ ಮುರಿದಿತ್ತು. ಆಸ್ಪತ್ರೆಯಲ್ಲಿ ನಮ್ಮವರು ಅಪ್ಪನ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು. ಅಂಗಿಯ ಮೇಲೆ ಇನ್ನೂ ಕಂಬಳಿಯ ಎಳೆಗಳು ಅಂಟಿಕೊಂಡಿದ್ದವು. ನನಗೆ ಅವರನ್ನು ಹೊಡೆಯಬೇಕು ಅನಿಸಿತು. ಅಪ್ಪಿಕೊಳ್ಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ಕಿಟಕಿಯ ಹತ್ತಿರ ಹೋಗಿ ನಿಂತೆ.

"ಅಳ್ಬೇಡ್ವೋ," ಎಂದರು ಮಾವ. ನೋವಿನ ಮದ್ದಿಗೆ ನಾಲಗೆ ತೊದಲುತ್ತಿತ್ತು. "ಗಾಡಿ ಓಡಿಸಿದೋನು ನಾನು. ಬ್ರೇಕ್ ಇಲ್ಲ ಅಂತ ಗೊತ್ತಿತ್ತು. ನನಗೆ ಗೊತ್ತಿತ್ತು ಕಣೋ. ಕೈಗೆ ಗೊತ್ತಿರಲಿಲ್ಲ."

ಬೈದಿದ್ದರೆ ನಮ್ಮವರು ಬದುಕಿಕೊಳ್ಳುತ್ತಿದ್ದರೇನೋ.

ಮೂಳೆ ಕೂಡಿತು. ಕೋಲು ಊರಿಕೊಂಡು ನಿಲ್ಲುವಂತಾದರು. ಆದರೆ ಮನೆಗೆ ಬಂದ ಮೇಲೆ ಮಾವ ಗೋಡೆ ಮುಟ್ಟಲಿಲ್ಲ. ಅವರ ಕೋಣೆಯಿಂದ ಸ್ನಾನದಮನೆಯವರೆಗೆ ನಾವೊಂದು ಹಗ್ಗ ಕಟ್ಟಿದೆವು, ಅದನ್ನೂ ಮುಟ್ಟಲಿಲ್ಲ. ಕೋಲಿನಿಂದ ನೆಲ ಕುಟ್ಟುತ್ತಾ, ಓಣಿಯ ನಟ್ಟನಡುವೆ, ಎರಡೂ ಕಡೆಯ ಗೋಡೆ ತಾಗದಂತೆ ಹೋಗಿಬರುತ್ತಿದ್ದರು. ಉಳಿದಂತೆ ಕುರ್ಚಿ. ನಾನು ಅಡ್ಡ ಇಟ್ಟಿದ್ದ ಅದೇ ಕುರ್ಚಿ. ಎಡಗೈಯನ್ನು ಬಲಗೈಯೊಳಗೆ ಮಡಚಿಕೊಂಡು, ಅದು ಯಾರದೋ ಕೈ ಎಂಬಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದರು. ಕೆಳಗೆ ಇಳಿಯುವ ಮಾತೇ ಇಲ್ಲ. ಹಾಡೂ ಇಲ್ಲ.

ಇಷ್ಟಾದರೂ, ನಾನು ತೋಳು ಹಿಡಿಯಲು ಹೋದರೆ ಹಳೆಯ ಬಿರುಸಿನಲ್ಲೇ ಕೊಡವಿಕೊಳ್ಳುತ್ತಿದ್ದರು. ಆ ಬಿರುಸು ಉಳಿದಿದೆಯಲ್ಲ ಎಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ವಸತಿಮನೆಯ ಕೆಲಸ ಬಿಟ್ಟುಬಿಡುತ್ತೇನೆಂದು ನಮ್ಮವರು ಹೇಳಿದಾಗ ಮಾವನೇ ತಡೆದರು. "ಕಟ್ಟು. ನನ್ನೊಬ್ಬನ ಸೊಂಟ ಮುರೀತು ಅಂತ ಅಷ್ಟು ಜನಕ್ಕೆ ದಾರಿ ಇಲ್ಲದ ಹಾಗೆ ಮಾಡ್ತೀಯಾ?" ಇವರು ಕಟ್ಟಿದರು. ಎಲ್ಲ ಮೆಟ್ಟಿಲನ್ನೂ ನಕ್ಷೆಯಿಂದ ತೆಗೆದುಹಾಕಿದರು. ಇಡೀ ಕಟ್ಟಡದಲ್ಲಿ ಒಂದೇ ಒಂದು ಮೆಟ್ಟಿಲಿಲ್ಲ. ನಾನು ಬಕೆಟ್ಟುಗಟ್ಟಲೆ ಕಲಸಿಕೊಟ್ಟೆ. ನಮ್ಮಿಬ್ಬರ ನಡುವೆ ಆಗ ಗಾರೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಹೇಳಿಬಿಡುತ್ತೇನೆ. ಆ ತೇಪೆಯನ್ನು ಒಯ್ದದ್ದಕ್ಕಲ್ಲ. ಗುಂಡಿಯನ್ನು ಅಷ್ಟು ಚೆನ್ನಾಗಿ ತುಂಬಿದ್ದಕ್ಕೆ.

ನಮ್ಮ ಬ್ರೇಕ್ ವಾಪಸ್ ಬರಲಿಲ್ಲ. ಟ್ರಸ್ಟಿನವರು ತಮ್ಮಲ್ಲೇ ಇರಲಿ ಎಂದು ಕೇಳಿದರು. ನಮಗೂ ಅದನ್ನು ಮನೆಗೆ ತರುವ ಧೈರ್ಯ ಇರಲಿಲ್ಲ.

ಕಟ್ಟಡ ತೆರೆದ ದಿನ ಮಾವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆವು. ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ, ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಹೊರಟೇಬಿಟ್ಟರು. ಒಳಗೆ ಆಗಲೇ ವಾಸಕ್ಕೆ ಬಂದಿದ್ದವರು ಗೋಡೆಗಳ ಮೇಲೆ ಕೈಯಾಡಿಸುತ್ತಾ ಓಡಾಡುತ್ತಿದ್ದರು. ಒಬ್ಬ ಅಜ್ಜಿ ಹುಲ್ಲಿನ ಗೋಡೆಗೆ ಮೂಗು ಒತ್ತಿ ನಿಂತಿದ್ದರು. ಮಾವ ಮಗನ ಚಪ್ಪಲಿಯ ಸದ್ದನ್ನೇ ಹಿಡಿದು, ಕೋಲು ಕುಟ್ಟುತ್ತಾ, ಹಜಾರದ ನಡುವೆಯೇ ಬಂದರು.

ಹಜಾರದಲ್ಲೇ, ಒಂದು ಕಂಬಕ್ಕೆ ಕೂರಿಸಿ, ನಮ್ಮ ಬ್ರೇಕಿಗೆ ಗಾಜಿನ ಪೆಟ್ಟಿಗೆ ಕಟ್ಟಿದ್ದರು. ಕೆಳಗೊಂದು ಫಲಕ. ಅದನ್ನು ನಾನು ಗಟ್ಟಿಯಾಗಿ ಓದಿಬಿಟ್ಟೆ: "ದಯವಿಟ್ಟು ಮುಟ್ಟಬೇಡಿ."

"ಯಾರಿಗೆ ಬರೆದಿದ್ದಾರಮ್ಮ ಅದನ್ನ?" ಎಂದರು ಮಾವ. "ಇಲ್ಲಿ ಓದೋರು ಯಾರಿದ್ದಾರೆ?" ಎಂದು ನಕ್ಕರು. ಎಷ್ಟು ತಿಂಗಳ ಮೇಲೆ ಕೇಳಿದ ನಗು! ನಮ್ಮವರು ಚಕ್ಕನೆ ತಿರುಗಿದರು. ನಾವು ಮೂವರೂ ನಕ್ಕೆವು. ಎಲ್ಲ ಸರಿಹೋಯಿತು ಎಂದು ಆ ಒಂದು ಗಳಿಗೆ ನನಗೆ ಅನಿಸಿತು.

"ಪೆಟ್ಟಿಗೆ ತೆಗೆಸೋ," ಎಂದರು ಮಾವ. "ನಮ್ಮನೇದಲ್ವಾ? ನೋಡೋಣ ಹೇಗಿದೆ ಅಂತ."

ಮೇಲ್ವಿಚಾರಕರು ಬೀಗ ತೆಗೆದರು. ಮಾವ ಕೋಲನ್ನು ಬಲಗೈಯಲ್ಲಿ ಬಿಗಿಯಾಗಿ ಊರಿಕೊಂಡು, ಅಷ್ಟು ದಿನ ಮಡಚಿ ಇಟ್ಟಿದ್ದ ಎಡಗೈಯನ್ನು ಮೆಲ್ಲಗೆ ಚಾಚಿದರು. ಅಂಗೈ ತಾನು ಸವೆಸಿದ ಜಾಗವನ್ನು ತಾನೇ ಹುಡುಕಿಕೊಂಡು ಹೋಗಿ ಕೂತಿತು.

ಅವರ ಕಾಲು ನಿಂತಿತು. ನಗು ಇಳಿಯಿತು. ಬಲಗೈ ಕೋಲನ್ನು ಬಿಟ್ಟು, ಎದುರಿಗೆ ಇಲ್ಲದ ಕಂಬಿಯನ್ನು ಗಾಳಿಯಲ್ಲಿ ತಡಕಾಡಿತು. ಕೋಲು ನೆಲಕ್ಕೆ ಬಿದ್ದು ಉರುಳಿತು.

"ಮುಂದೆ ಮೆಟ್ಟಿಲಿದೆ," ಎಂದರು.

"ಇಲ್ಲಪ್ಪಾ," ನಮ್ಮವರು ಹತ್ತಿರ ಬಂದರು. "ಇಲ್ಲಿ ಎಲ್ಲಾ ಸಮ ನೆಲ. ಎಲ್ಲೂ ಮೆಟ್ಟಿಲಿಲ್ಲ. ಒಂದೂ ಇಟ್ಟಿಲ್ಲ ನಾನು."

"ಗೊತ್ತು ಕಣೋ." ಮಾವ ಬ್ರೇಕಿನಿಂದ ಕೈ ಎತ್ತಲಿಲ್ಲ. "ನನಗೆ ಗೊತ್ತು. ಆದ್ರೂ ಇದೆ."

ಮಾವ ಎಡಗೈಯನ್ನು ಬ್ರೇಕಿನಿಂದ ಕಿತ್ತು ಮಗನ ದನಿ ಬಂದ ಕಡೆಗೆ ಚಾಚಿದರು.

"ಕೈ ಕೊಡು," ಎಂದರು. "ನನ್ನ ನಡೆಸ್ಕೊಂಡು ಹೋಗು."

ನಮ್ಮವರು ಕೈ ಕೊಟ್ಟರು. ಮಾವ ಅದನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡರು. ಇಬ್ಬರೂ ಬಾಗಿಲ ಕಡೆ ಹೊರಟರು, ನಾನು ಕೋಲು ಎತ್ತಿಕೊಂಡು ಹಿಂದೆ ನಡೆದೆ. ಆ ನುಣುಪಾದ, ಸಮನಾದ ನೆಲದ ಮೇಲೆ ಮಾವ ಪ್ರತಿ ಹೆಜ್ಜೆಗೂ ಕಾಲನ್ನು ಕೆಳಕ್ಕೆ ಇಳಿಬಿಟ್ಟು ತಡವುತ್ತಿದ್ದರು. ನೆಲ ಸಿಕ್ಕಾಗಲೆಲ್ಲ ಬೆಚ್ಚುತ್ತಿದ್ದರು.